ತಿಳಿನೀರೆಲ್ಲ ಶುದ್ಧನೀರಲ್ಲ

ಚಿತ್ರದುರ್ಗ ಜಿಲ್ಲೆಯ ಹಿರೇಗುಂಟನೂರು, ಭೀಮಸಮುದ್ರದ ಕಡೆ ಕೆರೆ ಹಸಿರಾದರೆ ಸಾಕು, ನೀರು ಕೆಟ್ಟಿತು ಎನ್ನುತ್ತಾರೆ. ಹಳೆಯ ಗಣಿಗುಂಡಿಯಲ್ಲಿ ತಳ ಕಾಣುವಂತೆ ನೀರು ನಿಂತಿದ್ದರೆ ‘ಎಷ್ಟು ಶುದ್ಧ’ ಎಂದು ಕೈಯಾರೆ ಮೊಗೆಯುತ್ತಾರೆ. ಓದಿದವರ ಬಾಯಲ್ಲೂ ಇದೇ ಮಾತು ಬಂದಾಗ ನನಗೆ ಸಹನೆ ಉಳಿಯುವುದಿಲ್ಲ.

ಅಡಿಕೆ ಬೆಳೆಯುವವರಿಗಾದರೂ ಈ ಮಾತು ತಪ್ಪೆಂದು ಹೊಳೆಯಬೇಕಿತ್ತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಜಲಾಶಯಗಳಲ್ಲಿ ಪಾಚಿ ಕೊಲ್ಲುವುದಕ್ಕೂ ಅದನ್ನೇ ಹಾಕುತ್ತಾರೆ. ಕುಡಿಯುವ ನೀರಿನಲ್ಲಿ, ಬೇರೆ ನೀರು ಸಿಗದ ಕಡೆ, ಲೀಟರಿಗೆ 1.5 ಮಿಲಿಗ್ರಾಂವರೆಗೆ ತಾಮ್ರವನ್ನು ನಮ್ಮ ಮಾನದಂಡ ಒಪ್ಪುತ್ತದೆ. ನೀರಿನಲ್ಲಿ ತೇಲುವ ಸಣ್ಣ ಜೀವಿಗಳಾದ ಪ್ಲಾಂಕ್ಟನ್‌ಗಳಲ್ಲಿ ಸೂಕ್ಷ್ಮವಾದವು ಸಾಯಲು ಅದರ ನೂರನೇ ಒಂದು ಪಾಲು ಸಾಕು. ಅದೇ ಜಿಲ್ಲೆಯ ಇಂಗಳದಾಳಿನ ತಾಮ್ರದ ಅದಿರಿನಂತೆ ಗಂಧಕ ಬೆರೆತ ಅದಿರಿಗೆ ಗಾಳಿ, ನೀರು ತಾಗಿದರೆ ಆಮ್ಲ ಹುಟ್ಟುತ್ತದೆ, ಆ ಆಮ್ಲ ಲೋಹವನ್ನು ಕರಗಿಸುತ್ತದೆ. ಸಣ್ಣ ಪ್ರಮಾಣದಲ್ಲಿ ಕರಗಿದ ಲೋಹ ಕಣ್ಣಿಗೆ ಕಾಣದು. ಹಸಿರು ಹುಟ್ಟಿಸುವ ಜೀವ ಅಲ್ಲಿ ಬದುಕದ ಕಾರಣಕ್ಕೂ ನೀರು ತಿಳಿಯಾಗಿರಬಹುದು. ಹಸಿರೆಲ್ಲ ಒಳ್ಳೆಯದೆಂದಲ್ಲ, ವಿಷಕಾರಿ ನೀಲಿ-ಹಸಿರು ಪಾಚಿಯೂ ಇದೆ. ಆದರೆ ಬಣ್ಣ ನೋಡಿ ತೀರ್ಪು ಕೊಡುವುದು ಎರಡು ಕಡೆಯೂ ತಪ್ಪು.

ಪ್ಲಾಂಕ್ಟನ್ ಸಾಯದೆ ಉಳಿದರೆ ಅಪಾಯ ಇನ್ನೊಂದು ದಾರಿ ಹಿಡಿಯುತ್ತದೆ. ಮೀಥೈಲ್ ಪಾದರಸ ನೀರಿನಲ್ಲಿ ಇರುವುದಕ್ಕಿಂತ ಸಾವಿರಾರು ಪಟ್ಟು, ಕೆಲವೊಮ್ಮೆ ಲಕ್ಷ ಪಟ್ಟು ಸಾಂದ್ರವಾಗಿ ಪ್ಲಾಂಕ್ಟನ್ನಿನ ಮೈಯಲ್ಲಿ ಸೇರುತ್ತದೆ. ಅಲ್ಲಿಂದ ಸಣ್ಣ ಮೀನಿಗೆ, ದೊಡ್ಡ ಮೀನಿಗೆ, ತಟ್ಟೆಗೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ನರರೋಗ ಜನರ ಮೈ ಸೇರಿದ್ದು ಹೀಗೆ, ಕೊಲ್ಲಿಯ ಮೀನು, ಚಿಪ್ಪುಮೀನುಗಳ ಮೂಲಕ.

‘ಸಮುದ್ರ ದೊಡ್ಡದು, ಎಲ್ಲ ಅದರಲ್ಲಿ ಕರಗಿಹೋಗುತ್ತದೆ’ ಎಂಬುದೂ ಸುಳ್ಳು. ಅಳಿವೆಯಲ್ಲಿ ಸಿಹಿನೀರಿಗೆ ಉಪ್ಪು ಬೆರೆತಾಗ ನಯವಾದ ಜೇಡಿ ಗಂಟುಕಟ್ಟಿ, ಲೋಹವನ್ನು ಹೊತ್ತುಕೊಂಡು ಅಲ್ಲೇ ತಳ ಸೇರುತ್ತದೆ. ಕಾರ್ಖಾನೆಗಳ ನೆರೆಯಲ್ಲಿರುವ ಮಂಗಳೂರಿನ ನೇತ್ರಾವತಿ-ಗುರುಪುರ ಅಳಿವೆಯಂಥ ಕಡೆ ಬರೀ ನೀರನ್ನಲ್ಲ, ಕೆಸರನ್ನೂ, ಪ್ಲಾಂಕ್ಟನ್ ಸೋಸಿ ತಿನ್ನುವ ಮರುವಾಯಿ ಚಿಪ್ಪುಮೀನನ್ನೂ ಪರೀಕ್ಷಿಸಬೇಕಾದದ್ದು ಇದಕ್ಕೇ.

ಮನೆಯಲ್ಲಿ ನೀರು ಕುದಿಸಿದರೂ ಲೋಹ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಪಟಿಕ ಹಾಕಿದರೆ ಮಣ್ಣು ತಳಕ್ಕಿಳಿಯುತ್ತದೆ, ಕರಗಿದ ಲೋಹವೆಲ್ಲ ಇಳಿಯುವುದಿಲ್ಲ. ಫಿಲ್ಟರ್ ಮಾರುವವನು ಲೋಟಕ್ಕೆ ಎರಡು ಕಡ್ಡಿ ಇಳಿಸಿ, ಕರೆಂಟು ಕೊಟ್ಟು ನೀರನ್ನು ಕಂದಾಗಿಸಿದ ಕೂಡಲೇ ಬೆದರಿ ಹಣ ಎಣಿಸುತ್ತೇವೆ. ಆ ಕಂದು ಅವನ ಕಬ್ಬಿಣದ ಕಡ್ಡಿಯಿಂದಲೇ ಕರಗಿ ಬಂದದ್ದು! ಕಣ್ಣಿಗೆ ಕಂಡದ್ದಕ್ಕೆ ಹೆದರುವುದು, ಕಾಣದ್ದು ಇಲ್ಲವೇ ಇಲ್ಲವೆಂದು ನಂಬುವುದು ನಮಗೆ ಅಭ್ಯಾಸವಾಗಿದೆ. ಲ್ಯಾಬಿನ ವರದಿ ಕೇಳುವುದು ಮಾತ್ರ ಆಗಿಲ್ಲ.

ಗಣಿ ಸೀಮೆಯ ಊರಿನವರು ಕುಡಿಯುವ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಡುವಾಗ ತಾಮ್ರ, ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ ಎಂದು ಒಂದೊಂದರ ಹೆಸರು ಹೇಳಿ ಪರೀಕ್ಷೆ ಕೇಳಿ. ಟಿಡಿಎಸ್ ಮೀಟರಿನ ಅಂಕಿ ಇವುಗಳಲ್ಲಿ ಒಂದನ್ನೂ ಗುರುತಿಸುವುದಿಲ್ಲ.