ಬೈಸಿಕಲ್ಲಿನಲ್ಲಿ ಚಾಮುಂಡಿ ಬೆಟ್ಟ

ಮೈಸೂರಿನಿಂದ ಬೈಸಿಕಲ್ಲನ್ನೇರಿ ಚಾಮುಂಡಿ ಬೆಟ್ಟಕ್ಕೆ ಹೊರಡುವವರು ಏರುದಾರಿಗೇ ಅಂಜುವರು. ಅಪಾಯವಿರುವುದಾದರೋ ಇಳಿಯುವಾಗ ಎಂಬುದು ನಮ್ಮ ಅಭಿಪ್ರಾಯ. ಬೆಟ್ಟದ ನೆತ್ತಿಯು ಊರಿಗಿಂತ ಸುಮಾರು 1,000 ಅಡಿ ಎತ್ತರದಲ್ಲಿದೆ. ಹತ್ತುವಾಗ ನಮ್ಮ ಕಾಲುಗಳು ವ್ಯಯಿಸಿದ ಶಕ್ತಿಯಲ್ಲಿ ಒಂದು ಭಾಗವನ್ನು ಇಳಿಯುವಾಗ ಬ್ರೇಕುಗಳು ಶಾಖವನ್ನಾಗಿ ಮಾರ್ಪಡಿಸಬೇಕು. ಚಕ್ರದ ಅಂಚನ್ನು ಹಿಡಿಯುವ ಬ್ರೇಕಾದರೆ, ಎಡೆಬಿಡದೆ ಅದುಮಿದಾಗ ರಿಮ್ಮು ಕಾಯುವುದು. ಒಳಗಿನ ಗಾಳಿ ಹಿಗ್ಗಿ ಟ್ಯೂಬು ಒಡೆಯಲೂಬಹುದು. ಆದುದರಿಂದ ತಿರುವಿಗೆ ಮುಂಚೆಯೇ ಎರಡು ಬ್ರೇಕುಗಳನ್ನೂ ಬಳಸಿ ವೇಗವನ್ನು ತಗ್ಗಿಸಿ, ತಿರುವಿನಲ್ಲಿ ಕೈ ಸಡಿಲಿಸುವುದು ಲೇಸು. ಮಳೆಯಲ್ಲಿ ರಿಮ್ಮು ತೊಯ್ದಿದ್ದರೆ ಬ್ರೇಕು ತಡವಾಗಿ ಹಿಡಿಯುವುದೆಂಬುದೂ ನೆನಪಿರಲಿ. ನಡುದಾರಿಯಲ್ಲಿ ಕವಲೊಡೆದ ರಸ್ತೆಯೊಂದು, 17ನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಮಾಡಿಸಿದ ನಂದಿಯ ಬಳಿಗೆ ಹೋಗುತ್ತದೆ. ಅಲ್ಲಿ ಕೆಲವು ನಿಮಿಷ ಕುಳಿತರೆ ಚಕ್ರವೂ ತಣಿಯುವುದು, ಬಿಗಿಹಿಡಿದು ಸೋತ ಬೆರಳುಗಳೂ ಚೇತರಿಸಿಕೊಳ್ಳುವುವು.