ಹಿಮದ ಇಳಿಜಾರಿನಲ್ಲಿ ನಿಲ್ಲಿಸುವ ಸರಪಳಿ

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿರುವ ಊರು. ಅಲ್ಲಿಂದ ಪೂರ್ವಕ್ಕೆ ಹೊರಡುವ ಇಂಟರ್‌ಸ್ಟೇಟ್-80 ಹೆದ್ದಾರಿ ಎರಡು ಗಂಟೆಯೊಳಗೆ ಸಿಯೆರಾ ನೆವಾಡ ಪರ್ವತಸಾಲನ್ನು ಹತ್ತಿ, ಡಾನರ್ ಘಟ್ಟದ ನೆತ್ತಿಯಲ್ಲಿ 2,206 ಮೀಟರ್ ಎತ್ತರ ಮುಟ್ಟುತ್ತದೆ. ಪೆಸಿಫಿಕ್ ಸಾಗರದಿಂದ ನೀರು ಹೊತ್ತು ಬರುವ ಚಳಿಗಾಲದ ಬಿರುಗಾಳಿಗಳು ಈ ಗೋಡೆಗೆ ತಾಗಿ ತಮ್ಮ ಹೊರೆಯನ್ನೆಲ್ಲ ಇಲ್ಲೇ ಇಳಿಸುತ್ತವೆ. ನೆತ್ತಿಯ ಹತ್ತಿರ ಸೋಡಾ ಸ್ಪ್ರಿಂಗ್ಸ್ ಎಂಬಲ್ಲಿ 1946ರಲ್ಲಿ ಶುರುವಾದ ಹಿಮ ಪ್ರಯೋಗಾಲಯವಿದೆ. 2022–23ರ ಒಂದೇ ಚಳಿಗಾಲದಲ್ಲಿ ಅಲ್ಲಿ ಅಳೆದ ಹಿಮ 19 ಮೀಟರಿಗೂ ಹೆಚ್ಚು. ಸಿಲಿಕಾನ್ ಕಣಿವೆಯಲ್ಲಿ ನೆಲೆಸಿದ ಕನ್ನಡಿಗರು ಡಿಸೆಂಬರ್ ರಜೆಯಲ್ಲಿ ಮಕ್ಕಳಿಗೆ ಹಿಮ ತೋರಿಸಲು ಟಾಹೋ ಸರೋವರಕ್ಕೆ ಹೋಗುವ ದಾರಿಗಳಲ್ಲಿ ಇದೂ ಒಂದು.

ಹಿಮ ಬೀಳತೊಡಗಿದರೆ ರಾಜ್ಯದ ಸಾರಿಗೆ ಇಲಾಖೆ ಕ್ಯಾಲ್‌ಟ್ರಾನ್ಸ್ ಈ ರಸ್ತೆಯಲ್ಲಿ ಟೈರಿಗೆ ಸುತ್ತುವ ಉಕ್ಕಿನ ಸರಪಳಿ, ಅಂದರೆ ಚೈನು, ಇದೆಯೇ ಎಂಬ ತಪಾಸಣೆ ಹಾಕುತ್ತದೆ. ಹಿಮ ಕೆಳಕ್ಕೆ ಇಳಿದಂತೆ ತಪಾಸಣೆಯ ಜಾಗವೂ ಕಿಂಗ್ವೇಲ್‌ನಿಂದ ನಯಾಕ್‌ಗೆ, ಅಲ್ಲಿಂದ ಮತ್ತೂ ಕೆಳಕ್ಕೆ ಇಳಿಯುತ್ತದೆ. ನಿಯಮಕ್ಕೆ ಮೂರು ಮೆಟ್ಟಿಲು. ಆರ್-1 ಇದ್ದಾಗ ಎಳೆಯುವ ಚಕ್ರಗಳಿಗೆ ಚೈನು ಇರಬೇಕು, ಇಲ್ಲವೇ ಹಿಮದ ಟೈರು ಇರಬೇಕು. ಆರ್-2 ಬಂದರೆ ಎಲ್ಲ ಗಾಡಿಗಳಿಗೂ ಚೈನು ಕಡ್ಡಾಯ. ನಾಲ್ಕೂ ಚಕ್ರ ಎಳೆಯುವ, ನಾಲ್ಕರಲ್ಲೂ ಹಿಮದ ಟೈರಿರುವ ಗಾಡಿಗೆ ಮಾತ್ರ ವಿನಾಯಿತಿ, ಅದೂ ಚೈನು ಡಿಕ್ಕಿಯಲ್ಲಿದ್ದರೆ. ಆರ್-3 ಎಂದರೆ ಯಾರಿಗೂ ವಿನಾಯಿತಿಯಿಲ್ಲ. ಆ ಹೊತ್ತಿಗೆ ಸಾಮಾನ್ಯವಾಗಿ ರಸ್ತೆಯನ್ನೇ ಮುಚ್ಚಿರುತ್ತಾರೆ. ರಸ್ತೆಬದಿಯಲ್ಲಿ ಇಲಾಖೆಯ ಪರವಾನಗಿ ಪಡೆದು, ಸಂಖ್ಯೆಯ ಬಿಲ್ಲೆ ಧರಿಸಿದ ಕೆಲಸಗಾರರು ಕೂಲಿ ಪಡೆದು ಚೈನು ಕಟ್ಟಿಕೊಡುತ್ತಾರೆ. ಅವರು ಚೈನು ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಒಳ್ಳೆಯ ನಿಯಮ ಇದು. ಹಿಮದಲ್ಲಿ ಸಿಕ್ಕಿಬಿದ್ದವರ ಹತ್ತಿರ ಚೌಕಾಸಿಯ ಶಕ್ತಿ ಇರುವುದಿಲ್ಲ.

ನಮ್ಮ ದೇಶದಲ್ಲೂ ಕಾಶ್ಮೀರದ ತಂಗ್‌ಮಾರ್ಗ್‌ನಿಂದ ಗುಲ್ಮಾರ್ಗ್‌ಗೆ ಏರುವ ದಾರಿಯಲ್ಲಿ ಹಿಮ ಬಿದ್ದಾಗ ಇಂಥದೇ ಕಟ್ಟಳೆ ಜಾರಿಗೆ ಬರುತ್ತದೆ: ಒಂದೋ ನಾಲ್ಕೂ ಚಕ್ರ ಎಳೆಯುವ ಗಾಡಿ, ಇಲ್ಲವೇ ಚೈನು ಕಟ್ಟಿದ ಗಾಡಿ.

ಎರಡೂ ಕಡೆಯ ನಿಯಮದಲ್ಲಿ ಅಡಗಿರುವ ‘ಇಲ್ಲವೇ’ ಎಂಬ ಪದ ನನಗೆ ಕಳವಳ ತರುತ್ತದೆ. ನಾಲ್ಕು ಚಕ್ರದ ಎಳೆತ ಮತ್ತು ಚೈನು ಒಂದರ ಬದಲಿಗೆ ಒಂದು ಬಳಸಬಹುದಾದ ವಸ್ತುಗಳಲ್ಲ. ಯಾಕೆಂದು ತಿಳಿಯಲು ಟೈರು ರಸ್ತೆಯನ್ನು ಹಿಡಿಯುವ ಬಗೆಯನ್ನು ನೋಡಬೇಕು.

ಒಂದು ಸಾಧಾರಣ ಕಾರಿನ ತೂಕ 1,400 ಕಿಲೋ ಎಂದುಕೊಂಡರೆ ಪ್ರತಿ ಟೈರಿನ ಪಾಲಿಗೆ 350 ಕಿಲೋ. ಇಷ್ಟನ್ನೂ ನೆಲಕ್ಕೆ ದಾಟಿಸುವುದು ಅಂಗೈಯಗಲದ ರಬ್ಬರು. ಒಣ ಡಾಂಬರಿನ ಮೇಲೆ ಈ ರಬ್ಬರಿನ ಘರ್ಷಣೆಯ ಗುಣಾಂಕ 0.7ರ ಆಸುಪಾಸು. ತುಳಿದು ಗಟ್ಟಿಯಾದ ಹಿಮದ ಮೇಲೆ ಅದು 0.2ಕ್ಕೆ, ಬರಿಯ ಮಂಜುಗಡ್ಡೆಯ ಮೇಲೆ 0.1ಕ್ಕೆ ಅಥವಾ ಅದಕ್ಕೂ ಕೆಳಕ್ಕೆ ಇಳಿಯುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಕಾರು ಒಣ ರಸ್ತೆಯಲ್ಲಿ ಬ್ರೇಕು ಒತ್ತಿದ ಮೇಲೆ 9 ಮೀಟರಿನಲ್ಲಿ ನಿಲ್ಲುತ್ತದೆ. ಮಂಜುಗಡ್ಡೆಯ ಮೇಲೆ ಅದಕ್ಕೆ 63 ಮೀಟರ್ ಬೇಕು. ಇದು ಸಮತಟ್ಟು ನೆಲದ ಲೆಕ್ಕ. ಘಟ್ಟದಲ್ಲಿ ಗುರುತ್ವ ಗಾಡಿಯನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ನೂರು ಮೀಟರಿಗೆ 6 ಮೀಟರ್ ಇಳಿಯುವ ಜಾಡಿನಲ್ಲಿ, 0.1ರ ಹಿಡಿತದಲ್ಲಿ 0.06 ಆ ಎಳೆತವನ್ನು ತಡೆಯುವುದಕ್ಕೇ ಖರ್ಚಾಗಿ, ನಿಲ್ಲಿಸಲು ಉಳಿಯುವುದು 0.04. ನಿಲ್ಲುವ ದೂರ 157 ಮೀಟರಿಗೆ ಹಿಗ್ಗುತ್ತದೆ. ಇಳಿಜಾರು ನೂರಕ್ಕೆ ಹತ್ತಾದರೆ ಏನೂ ಉಳಿಯುವುದಿಲ್ಲ. ಬ್ರೇಕು ಎಷ್ಟೇ ಬಲವಾಗಿದ್ದರೂ ಗಾಡಿ ನಿಲ್ಲದು.

ಈಗ ಅದೇ ಆರರ ಇಳಿಜಾರಿನಲ್ಲಿ ಹೇಗಾದರೂ ಮಾಡಿ ಹಿಡಿತವನ್ನು 0.1ರಿಂದ 0.2ಕ್ಕೆ ಏರಿಸಿದೆವು ಎಂದಿಟ್ಟುಕೊಳ್ಳಿ. ನಿಲ್ಲಿಸಲು ಉಳಿಯುವುದು 0.14, ದೂರ 45 ಮೀಟರ್. ಹಿಡಿತ ಎರಡರಷ್ಟಾದರೆ ದೂರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಚೈನಿನ ನಿಜವಾದ ಬೆಲೆ ಇರುವುದು ಈ ಲೆಕ್ಕದಲ್ಲಿ.

ಮಂಜುಗಡ್ಡೆ ಅಷ್ಟು ಜಾರುವುದೇಕೆ? ಒತ್ತಡಕ್ಕೆ ಕರಗುತ್ತದೆ ಎಂಬ ಉತ್ತರವನ್ನು ಬಹಳ ಮಂದಿ ಶಾಲೆಯಲ್ಲಿ ಕಲಿತಿರುತ್ತಾರೆ. ಐರ್ಲೆಂಡಿನ ವಿಜ್ಞಾನಿ ಜಾನ್ ಜೋಲಿ 1886ರಲ್ಲಿ ಸ್ಕೇಟಿಂಗಿಗೆ ಕೊಟ್ಟ ವಿವರಣೆ ಅದು. ಆದರೆ ಮಂಜುಗಡ್ಡೆಯ ಕರಗುವ ಬಿಂದುವನ್ನು ಒಂದು ಡಿಗ್ರಿ ಇಳಿಸಲು ವಾಯುಮಂಡಲದ ಒತ್ತಡದ ಸುಮಾರು 135 ಪಟ್ಟು ಒತ್ತಡ ಬೇಕು. ಕಾರಿನ ಟೈರು ನೆಲದ ಮೇಲೆ ಹಾಕುವುದು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಈ ವಿವರಣೆ ಟೈರಿಗೆ ಒಗ್ಗುವುದಿಲ್ಲ. ಮೈಕೆಲ್ ಫ್ಯಾರಡೆ 1850ರಲ್ಲೇ ಬೇರೊಂದು ಮಾತು ಹೇಳಿದ್ದರು: ಸೊನ್ನೆಗಿಂತ ಕೆಳಗಿದ್ದರೂ ಮಂಜುಗಡ್ಡೆಯ ಮೇಲ್ಮೈ ಪೂರ್ತಿ ಗಟ್ಟಿಯಲ್ಲ, ಅದರ ಮೇಲೆ ದ್ರವದಂಥ ತೆಳು ಪದರವಿರುತ್ತದೆ. ಮೇಲ್ಮೈಯ ಅಣುಗಳಿಗೆ ಮೇಲಿನಿಂದ ಹಿಡಿದುಕೊಳ್ಳುವ ನೆರೆಯವರಿಲ್ಲ. ಹಾಗಾಗಿ ಅವು ಸಡಿಲ. ಇದರ ಜೊತೆಗೆ, 1939ರಲ್ಲಿ ಬೌಡನ್ ಮತ್ತು ಹ್ಯೂಸ್ ತೋರಿಸಿದಂತೆ, ಉಜ್ಜುವಿಕೆಯ ಬಿಸಿಯೇ ನೀರಿನ ಪೊರೆ ಹುಟ್ಟಿಸುತ್ತದೆ. ಚಕ್ರವನ್ನು ನಿಂತಲ್ಲೇ ಗಿರಗಿರ ತಿರುಗಿಸುವ ಚಾಲಕ ತನ್ನ ಅಡಿಯ ಹಿಮವನ್ನು ಕರಗಿಸಿ, ಅದು ಮತ್ತೆ ಹೆಪ್ಪುಗಟ್ಟಿ ಕನ್ನಡಿಯಾಗುವಂತೆ ತಾನೇ ಮಾಡಿಕೊಳ್ಳುತ್ತಾನೆ.

ಇದರಿಂದ ಬರುವ ಒಂದು ಮಾತು ಹಿಮ ಕಾಣದವರಿಗೆ ವಿಚಿತ್ರ ಅನ್ನಿಸಬಹುದು. ಮೈನಸ್ 20ರ ಕೊರೆಯುವ ಚಳಿಗಿಂತ ಸೊನ್ನೆಯ ಹತ್ತಿರದ ಹದ ಚಳಿ ಹೆಚ್ಚು ಅಪಾಯಕಾರಿ. ಚಳಿ ಏರಿದಷ್ಟೂ ಆ ಒದ್ದೆ ಪದರ ತೆಳ್ಳಗಾಗಿ ರಬ್ಬರಿಗೆ ಹಿಡಿತ ಸಿಗುತ್ತದೆ. ಸಿಯೆರಾದಲ್ಲಿ ಬೀಳುವುದೋ ಸೊನ್ನೆಯ ಸಮೀಪದ, ನೀರು ತುಂಬಿದ ಭಾರದ ಹಿಮ. ಅಲ್ಲಿಯವರು ಅದನ್ನು ‘ಸಿಯೆರಾ ಸಿಮೆಂಟ್’ ಎನ್ನುತ್ತಾರೆ. ಗಾಡಿಗಳು ತುಳಿದಂತೆ ಅದು ಗಟ್ಟಿ ಹಲಗೆಯಾಗಿ ರಸ್ತೆಗೆ ಅಂಟಿಕೊಳ್ಳುತ್ತದೆ.

ಚೈನು ಈ ಜಾರುವ ಪದರದ ಜೊತೆ ಗುದ್ದಾಡಲು ಹೋಗುವುದಿಲ್ಲ. ಅದು ಆಟದ ನಿಯಮವನ್ನೇ ಬದಲಿಸುತ್ತದೆ. ಅಂಗೈಯಗಲಕ್ಕೆ ಹರಡಿದ್ದ 350 ಕಿಲೋ ಭಾರ ಈಗ ಕೆಲವೇ ಉಕ್ಕಿನ ಕೊಂಡಿಗಳ ಏಣುಗಳ ಮೇಲೆ ನಿಲ್ಲುತ್ತದೆ. ಹಿಮವಾದರೆ ಕೊಂಡಿ ಒಳಕ್ಕೆ ಇಳಿಯುತ್ತದೆ. ಗಾಡಿ ಜಾರಬೇಕಾದರೆ ಕೊಂಡಿಗಳ ನಡುವೆ ಸಿಕ್ಕಿದ ಹಿಮದ ಇಟ್ಟಿಗೆಯನ್ನು ಬುಡದಿಂದ ಕತ್ತರಿಸಿಕೊಂಡೇ ಜಾರಬೇಕು. ಮಂಜುಗಡ್ಡೆಯಾದರೆ ಏಣು ಅದನ್ನು ಜಜ್ಜಿ, ಕೆರೆದು, ಗೀರು ಮಾಡಿಕೊಳ್ಳುತ್ತದೆ. ಘರ್ಷಣೆಯನ್ನು ನಂಬಿದ್ದ ಜಾಗದಲ್ಲಿ ಈಗ ಹಿಮದ ಗಟ್ಟಿತನವೇ ಗಾಡಿಯನ್ನು ಹಿಡಿಯುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಮಣ್ಣುದಾರಿಯಲ್ಲಿ ಹಿಂದಿನ ಚಕ್ರಕ್ಕೆ ಚೈನು ಕಟ್ಟಿ ಏರುವ ಜೀಪನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಕೆಸರು, ಇಲ್ಲಿ ಹಿಮ. ಚೈನು ಹುಟ್ಟಿದ್ದೂ ಕೆಸರಿನ ಕಾಲದಲ್ಲೇ. ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ ಇದಕ್ಕೆ ಪೇಟೆಂಟ್ ಪಡೆದದ್ದು 1904ರಲ್ಲಿ. ಜಾರುವ ದಾರಿಯಲ್ಲಿ ಟೈರಿಗೆ ಹಗ್ಗ ಸುತ್ತಿಕೊಳ್ಳುತ್ತಿದ್ದ ಚಾಲಕರನ್ನು ನೋಡಿ ಅವರಿಗೆ ಈ ಉಪಾಯ ಹೊಳೆಯಿತೆಂದು ಹೇಳುತ್ತಾರೆ.

ಕೊಂಡಿಗಳನ್ನು ಜೋಡಿಸುವ ವಿನ್ಯಾಸದಲ್ಲಿ ಬಹಳಷ್ಟು ಅಡಗಿದೆ. ಹಳೆಯದು ಏಣಿಯ ವಿನ್ಯಾಸ: ಟೈರಿನ ಎರಡು ಪಕ್ಕದಲ್ಲಿ ಎರಡು ಸರಪಳಿ, ನಡುವೆ ಅಡ್ಡ ಸರಪಳಿಗಳು. ಏರಲು ಮತ್ತು ನಿಲ್ಲಲು ಇದು ಗಟ್ಟಿಗ. ಆದರೆ ಚಕ್ರ ಉರುಳುವಾಗ ಎರಡು ಅಡ್ಡ ಸರಪಳಿಗಳ ನಡುವಿನ ಬರಿ ರಬ್ಬರು ನೆಲಕ್ಕೆ ತಾಗುವ ಕ್ಷಣ ಬರುತ್ತದೆ, ಹಿಡಿತ ಬಂದು ಹೋಗಿ ಮಾಡುತ್ತದೆ. ಪಕ್ಕಕ್ಕೆ ಜಾರುವಾಗ ಅಡ್ಡ ಸರಪಳಿ ತನ್ನ ಉದ್ದಕ್ಕೇ ಸರಿಯುವುದರಿಂದ ತಡೆ ಕಡಿಮೆ. ವಜ್ರಾಕಾರದ ಬಲೆಯಂತೆ ಹೆಣೆದ ಚೈನಿನಲ್ಲಿ ಯಾವ ಕ್ಷಣದಲ್ಲೂ ಒಂದಷ್ಟು ಉಕ್ಕು ನೆಲದ ಮೇಲಿರುತ್ತದೆ, ಓರೆಯಾಗಿರುವುದರಿಂದ ತಿರುವಿನಲ್ಲೂ ಹಿಡಿಯುತ್ತದೆ. ಹಣ ಕೊಡುವ ಶಕ್ತಿಯಿದ್ದರೆ ನಾನು ಇದನ್ನೇ ಆರಿಸುತ್ತೇನೆ.

ಕೇಬಲ್ ಬೇರೆ ಜಾತಿ. ಸರಪಳಿಯ ಬದಲು ಉಕ್ಕಿನ ತಂತಿಹಗ್ಗ, ಅದರ ಮೇಲೆ ಉಕ್ಕಿನ ಸುರುಳಿ ಅಥವಾ ಉರುಳೆ. ಹಗುರ, ಅಗ್ಗ, ಕಟ್ಟಲು ಸುಲಭ. ತೆಳ್ಳಗಿರುವುದರಿಂದ ಕಚ್ಚುವುದೂ ಕಡಿಮೆ. ಆಳವಾದ ಹಿಮದಲ್ಲಿ ಚೈನಿನ ಸಮಕ್ಕೆ ಬರುವುದಿಲ್ಲ. ಆದರೂ ಅದನ್ನು ಬಳಸಲು ಒಂದು ಗಟ್ಟಿ ಕಾರಣವಿದೆ. ಇಂದಿನ ಕಾರುಗಳಲ್ಲಿ ಟೈರಿಗೂ ಚಕ್ರಗೂಡಿಗೂ ನಡುವೆ ಜಾಗವೇ ಇಲ್ಲ. ಇಂಥ ಇಕ್ಕಟ್ಟಿನ ಕಾರುಗಳಿಗೆಂದು ಅಮೆರಿಕದಲ್ಲಿ ‘ಕ್ಲಾಸ್ ಎಸ್’ ಎಂಬ ಮಾನದಂಡವಿದೆ: ಟೈರಿನ ಮೇಲ್ಗಡೆ ಸುಮಾರು 37 ಮಿಲಿಮೀಟರ್, ಒಳಪಕ್ಕದಲ್ಲಿ ಸುಮಾರು 15 ಮಿಲಿಮೀಟರ್ ಜಾಗವಿದ್ದರೆ ಸಾಕು. ದಪ್ಪ ಚೈನು ಅಲ್ಲಿ ಬ್ರೇಕಿನ ಕೊಳವೆಯನ್ನೇ ಸವರಿಬಿಡಬಹುದು. ಕಾರಿನ ಕೈಪಿಡಿಯಲ್ಲಿ ಚೈನಿನ ಬಗ್ಗೆ ಬರೆದಿರುವ ಸಾಲುಗಳನ್ನು ಕೊಳ್ಳುವ ಮೊದಲೇ ಓದಬೇಕು. ಕೆಲವು ಕಾರುಗಳಿಗೆ ಕೇಬಲ್ ಮಾತ್ರ ಸಲ್ಲುತ್ತದೆ, ಕೆಲವಕ್ಕೆ ಅದೂ ಇಲ್ಲ.

ಈಗ ಆ ‘ಇಲ್ಲವೇ’ಗೆ ಬರೋಣ. ನಾಲ್ಕು ಚಕ್ರದ ಎಳೆತ ಎಂಜಿನ್ನಿನ ಬಲವನ್ನು ನಾಲ್ಕು ಕಡೆಗೆ ಹಂಚುತ್ತದೆ. ಹೊರಡಲು, ಏರಲು ಅದು ನಿಜಕ್ಕೂ ದೊಡ್ಡ ಸಹಾಯ. ಆದರೆ ಬ್ರೇಕು ಇಂದಿನ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೂ ಇದ್ದೇ ಇದೆ. ನಿಲ್ಲುವ ಹೊತ್ತಿನಲ್ಲಿ ದುಬಾರಿ ಗಾಡಿಗೂ ಸಾಧಾರಣ ಗಾಡಿಗೂ ಸಿಗುವುದು ಅದೇ ರಬ್ಬರು, ಅದೇ 0.1, ಎಳೆತದ ವ್ಯವಸ್ಥೆ ಅಲ್ಲಿ ಏನೂ ಮಾಡಲಾರದು. ಸಾಧಾರಣ ಗಾಡಿ ಏರಿನಲ್ಲೇ ಜಾರಿ ಚಾಲಕನಿಗೆ ಎಚ್ಚರಿಕೆ ಕೊಡುತ್ತದೆ. ನಾಲ್ಕು ಚಕ್ರದ್ದು ನೆತ್ತಿಯವರೆಗೂ ಸರಾಗವಾಗಿ ಏರಿ, ಮೊದಲ ಎಚ್ಚರಿಕೆಯನ್ನು ಇಳಿಜಾರಿನಲ್ಲಿ ಕೊಡುತ್ತದೆ. ಅದರ ಮೇಲೆ, ಕ್ಯಾಲಿಫೋರ್ನಿಯಾದಲ್ಲಿ ‘ಎಂ+ಎಸ್’ ಗುರುತಿನ ಸಾಧಾರಣ ಸರ್ವಋತು ಟೈರು ಕೂಡ ಹಿಮದ ಟೈರಿನ ಲೆಕ್ಕಕ್ಕೆ ಸೇರುತ್ತದೆ. ಆ ಗುರುತು ಹೇಳುವುದು ಟೈರಿನ ಅಚ್ಚಿನ ಆಕಾರವನ್ನು ಮಾತ್ರ. ಹಿಮದ ಮೇಲೆ ಪರೀಕ್ಷೆಯಾದ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರ ಇರುತ್ತದೆ. ಅದರ ರಬ್ಬರು ಚಳಿಯಲ್ಲೂ ಮೆದುವಾಗಿ ಉಳಿಯುವಂಥದು. ಆರ್-2ರಲ್ಲಿ ಕಾನೂನು ಬಿಟ್ಟರೂ, ಮಕ್ಕಳನ್ನು ಕೂರಿಸಿಕೊಂಡು ಇಳಿಯುವವರು ಚೈನು ಕಟ್ಟಿಕೊಳ್ಳಲಿ ಎಂದೇ ನಾನು ಹೇಳುವುದು.

ಯಾವ ಚಕ್ರಕ್ಕೆ ಎಂಬುದೂ ಸಣ್ಣ ಪ್ರಶ್ನೆಯಲ್ಲ. ಎರಡೇ ಚೈನು ಇದ್ದರೆ ಎಳೆಯುವ ಚಕ್ರಕ್ಕೆ ಕಟ್ಟಬೇಕು. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಮುಂದಕ್ಕೆ. ಅಲ್ಲೇ ಸ್ಟಿಯರಿಂಗೂ ಇರುವುದರಿಂದ, ಬ್ರೇಕು ಒತ್ತಿದಾಗ ಭಾರವೂ ಮುಂದಕ್ಕೇ ವಾಲುವುದರಿಂದ ಅದು ಒಳ್ಳೆಯದೇ. ಆದರೆ ಆಗ ಗಾಡಿಯ ಹಿಂಭಾಗ ಬರಿಗಾಲಿನಲ್ಲಿ ಉಳಿಯುತ್ತದೆ. ಇಳಿಜಾರಿನ ತಿರುವಿನಲ್ಲಿ ಮೂತಿ ಹಿಡಿದುಕೊಂಡು ಬಾಲ ಹೊರಕ್ಕೆ ಬೀಸಿ, ಗಾಡಿ ಸುತ್ತಿಕೊಳ್ಳಬಹುದು. ನಾಲ್ಕಕ್ಕೂ ಕಟ್ಟುವುದೇ ಸರಿ. ಆಗದಿದ್ದರೆ ತಿರುವಿಗೆ ಮೊದಲೇ ವೇಗ ಕಳೆದುಕೊಂಡು, ತಿರುವಿನೊಳಗೆ ಬ್ರೇಕು ಮುಟ್ಟದೆ ದಾಟಬೇಕು.

ವೇಗದ ಮಿತಿಯನ್ನು ಕ್ಯಾಲ್‌ಟ್ರಾನ್ಸ್ ಗಂಟೆಗೆ 25–30 ಮೈಲಿ, ಅಂದರೆ 40–48 ಕಿ.ಮೀ. ಎಂದು ಇಟ್ಟಿದೆ. ಇದು ಸುಮ್ಮನೆ ಹಾಕಿದ ಅಂಕಿಯಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಟೈರಿನ ಸುತ್ತ ತಿರುಗುವ 100 ಗ್ರಾಂ ಸರಪಳಿ ಚೂರು 6 ಕಿಲೋ ತೂಕದ ಬಲದಿಂದ ಹೊರಕ್ಕೆ ಎಳೆಯುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು, ಸುಮಾರು 24 ಕಿಲೋ. ಸಡಿಲವಾಗಿದ್ದ ಕೊಂಡಿ ಬಿಚ್ಚಿಕೊಂಡರೆ ಆ ತುಂಡು ಪ್ರತಿ ಸುತ್ತಿಗೂ ಚಕ್ರಗೂಡಿಗೆ ಚಾಟಿಯೇಟು ಕೊಡುತ್ತದೆ. ಬರಿ ಡಾಂಬರು ಸಿಕ್ಕೊಡನೆ ಚೈನು ಬಿಚ್ಚಬೇಕೆನ್ನುವುದೂ ಇದಕ್ಕೇ: ಉಕ್ಕು ಮತ್ತು ಡಾಂಬರು ಒಂದನ್ನೊಂದು ತೇಯುತ್ತವೆ, ಕೊಂಡಿ ಬೇಗ ಸವೆದು ತುಂಡಾಗುತ್ತದೆ.

ಕಟ್ಟುವ ಕೆಲಸವನ್ನು ಮನೆಯ ಮುಂದೆ, ಒಣ ನೆಲದ ಮೇಲೆ, ಹಗಲಿನಲ್ಲಿ ಒಮ್ಮೆ ಮಾಡಿ ಕಲಿಯಬೇಕು. ಸಿಕ್ಕು ಬಿಡಿಸಿ ಹಾಸಿ, ಕೊಂಡಿಯ ಮಡಿಚಿದ ತುದಿಗಳು ಟೈರಿಗೆ ಚುಚ್ಚದಂತೆ ಹೊರಮುಖವಾಗಿ ಇಟ್ಟು, ಟೈರಿನ ಮೇಲೆ ಹೊದಿಸಬೇಕು. ಮೊದಲು ಒಳಬದಿಯ ಕೊಕ್ಕೆ, ಆಮೇಲೆ ಹೊರಬದಿಯದು, ಕೊನೆಗೆ ಬಿಗಿಯುವ ರಬ್ಬರು ಪಟ್ಟಿ. ಕೆಲವು ನೂರು ಮೀಟರ್ ಓಡಿಸಿದ ಮೇಲೆ ಚೈನು ತನ್ನ ಜಾಗ ಹುಡುಕಿಕೊಂಡು ಸಡಿಲವಾಗಿರುತ್ತದೆ. ಆಗ ಸುರಕ್ಷಿತವಾದ ಜಾಗದಲ್ಲಿ ಇಳಿದು ಮತ್ತೊಮ್ಮೆ ಬಿಗಿಯಲೇಬೇಕು. ಚೈನು ಕಳಚಿಕೊಳ್ಳುವುದು ಬಹಳ ಸಲ ಈ ಎರಡನೆಯ ಬಿಗಿತವನ್ನು ಬಿಟ್ಟವರಿಗೆ. ಟಾರ್ಚು, ನೀರು ಹೀರದ ಕೈಗವಸು, ಮಂಡಿಯೂರಲು ಒಂದು ದಪ್ಪ ಚಾಪೆ, ಇವು ಚೈನಿನ ಚೀಲದಲ್ಲೇ ಇರಲಿ.

ಆಂಬುಲೆನ್ಸ್, ಅಗ್ನಿಶಾಮಕ ಗಾಡಿ, ಶಾಲಾ ಬಸ್ಸುಗಳಿಗೆ ಹೀಗೆ ನಿಂತು ಕಟ್ಟಿಕೊಳ್ಳುವಷ್ಟು ಪುರುಸೊತ್ತಿಲ್ಲ. ಅವಕ್ಕಾಗಿ ಸ್ವೀಡನ್ನಿನಲ್ಲಿ 1970ರ ದಶಕದಲ್ಲಿ ಒಂದು ಸೊಗಸಾದ ಯಂತ್ರ ಹುಟ್ಟಿತು. ಹಿಂದಿನ ಅಚ್ಚಿನ ಬಳಿ, ರಬ್ಬರು ಅಂಚಿನ ಒಂದು ಪುಟ್ಟ ಗಾಲಿ; ಅದರ ಸುತ್ತ ಜೋಲುವ ಮೋಟು ಸರಪಳಿಗಳು. ಚಾಲಕ ಗುಂಡಿ ಒತ್ತಿದರೆ ಒಂದು ತೋಳು ಆ ಗಾಲಿಯನ್ನು ಟೈರಿನ ಒಳಪಕ್ಕಕ್ಕೆ ಅದುಮುತ್ತದೆ. ಟೈರು ತಿರುಗಿದಂತೆ ಗಾಲಿಯೂ ತಿರುಗಿ, ಸರಪಳಿಗಳು ಬೀಸಿಕೊಂಡು ಒಂದಾದ ಮೇಲೊಂದು ಟೈರಿನ ಅಡಿಗೆ ಬೀಳುತ್ತವೆ. ಹಿಮ ಮುಗಿದರೆ ಮತ್ತೆ ಗುಂಡಿ ಒತ್ತಿದರಾಯಿತು, ತೋಳು ಹಿಂದಕ್ಕೆ ಸರಿಯುತ್ತದೆ. ಆಳವಾದ ಹಿಮದಲ್ಲಿ ಸರಪಳಿ ಬೀಸಲು ಜಾಗವಿಲ್ಲದೆ ಇದು ಸೋಲುತ್ತದೆ. ಅಲ್ಲಿ ಇವತ್ತಿಗೂ ಕೈಯಿಂದ ಕಟ್ಟಿದ ಚೈನೇ ಬೇಕು.