ಮೊಮ್ಮಗು ಹಗಲು ಕಳೆಯುವ ಮನೆ

ಕೆನಡಾ ದೇಶದ ಹೆಸರು ಕರಾವಳಿಯ ನಮ್ಮ ಕಥೋಲಿಕ ಕುಟುಂಬಗಳಿಗೆ ಈಗ ಹೊಸದಲ್ಲ. ಹಿಂದೆ ಮುಂಬಯಿ, ಬಳಿಕ ಕೊಲ್ಲಿ ರಾಷ್ಟ್ರಗಳು. ಇಂದು ಒಂಟಾರಿಯೋ ಪ್ರಾಂತದ ಟೊರೊಂಟೊ, ಮಿಸ್ಸಿಸಾಗಾ, ಬ್ರಾಂಪ್ಟನ್ ನಗರಗಳಲ್ಲಿ ಮಗನೋ ಮಗಳೋ ನೆಲೆಸಿರುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಬೇಕಾದಷ್ಟಿವೆ. ಅಲ್ಲಿ ಮಗು ಹುಟ್ಟಿದಾಗ ಬಾಣಂತನಕ್ಕೆಂದು ಅಜ್ಜಿ ವಿಮಾನವೇರುತ್ತಾರೆ. 2011ರಲ್ಲಿ ಆರಂಭವಾದ ‘ಸೂಪರ್ ವೀಸಾ’ದಿಂದ ಅವರು ದೀರ್ಘಕಾಲ ಅಲ್ಲಿ ತಂಗಲು ಅನುಕೂಲವಾಗಿದೆಯಾದರೂ, ಊರಿನ ತೋಟ, ಅಜ್ಜನ ಮಂಡಿನೋವು, ಕಿರಿಯವಳ ಮದುವೆ ಎಂದು ಒಂದಲ್ಲ ಒಂದು ಕಾರಣ ಅವರನ್ನು ಹಿಂದಕ್ಕೆ ಕರೆಯುತ್ತದೆ. ತಾಯಿಯ ರಜೆಯೂ ಒಂದು ವರ್ಷಕ್ಕೋ ಒಂದೂವರೆ ವರ್ಷಕ್ಕೋ ಮುಗಿಯುತ್ತದೆ. ಆಗ ಮಗುವನ್ನು ಹಗಲು ಹೊತ್ತು ಯಾರ ಕೈಗೆ ಒಪ್ಪಿಸುವುದೆಂಬ ಪ್ರಶ್ನೆ ಎದುರಾಗುತ್ತದೆ.

“ಅಲ್ಲಿ ಚರ್ಚಿಗೆ ಬರುವ ನಮ್ಮ ಕಡೆಯ ಹೆಂಗಸೊಬ್ಬರು ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತಾರಂತೆ, ಚಿಂತೆಯಿಲ್ಲ” ಎಂಬ ಉತ್ತರವನ್ನು ನಾವು ಹಿರಿಯರ ಬಾಯಲ್ಲಿ ಹಲವು ಬಾರಿ ಕೇಳಿದ್ದೇವೆ. ಚಿಂತೆ ಬೇಕಿಲ್ಲದಿರಬಹುದು. ಆದರೆ ವಿಚಾರಿಸುವುದಂತೂ ಬೇಕು.

ಒಂಟಾರಿಯೋದಲ್ಲಿ ಇಂತಹ ಗೃಹ ಶಿಶುಪಾಲನೆ ಎರಡು ಬಗೆಯದು: ಪರವಾನಗಿಯ ಆಸರೆ ಇರುವಂಥದು ಮತ್ತು ಇಲ್ಲದಂಥದು. ಎರಡೂ ಕಾನೂನುಬದ್ಧವೇ ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಅಲ್ಲಿ ಪರವಾನಗಿ ದೊರೆಯುವುದು ಮಗುವನ್ನು ನೋಡಿಕೊಳ್ಳುವ ಮಹಿಳೆಗೆ ನೇರವಾಗಿ ಅಲ್ಲ, ಒಂದು ಏಜೆನ್ಸಿಗೆ. ಆ ಏಜೆನ್ಸಿಯು ಮಹಿಳೆಯರೊಡನೆ ಒಪ್ಪಂದ ಮಾಡಿಕೊಂಡು, ಅವರ ಮನೆಗಳನ್ನು ಪರೀಕ್ಷಿಸಿ, ಅವರ ನಡತೆಗೆ ಸರಕಾರದ ಮುಂದೆ ಹೊಣೆಯಾಗುತ್ತದೆ. ಹೀಗೆ ಏಜೆನ್ಸಿಗೆ ಸೇರಿದ ಮನೆಯಲ್ಲಿ ಹದಿಮೂರು ವರ್ಷದೊಳಗಿನ ಮಕ್ಕಳು ಏಕಕಾಲಕ್ಕೆ ಆರಕ್ಕಿಂತ ಹೆಚ್ಚಿರಬಾರದು. ಸೇರದ ಮನೆಯಲ್ಲಿ ಐದಕ್ಕಿಂತ ಹೆಚ್ಚಿರಬಾರದು. ಎರಡು ವರ್ಷದೊಳಗಿನವರು ಎರಡೂ ಕಡೆ ಮೂವರೇ. ಆಕೆಯ ಸ್ವಂತ ಮಕ್ಕಳಲ್ಲಿ ನಾಲ್ಕು ವರ್ಷ ತುಂಬದವರೂ ಈ ಲೆಕ್ಕಕ್ಕೆ ಸೇರುತ್ತಾರೆ. ಅಜ್ಜಿ, ಚಿಕ್ಕಮ್ಮ, ಸೋದರತ್ತೆ ಮೊದಲಾದ ಬಂಧುಗಳು ತಮ್ಮ ಮನೆಯ ಮಗುವನ್ನು ನೋಡಿಕೊಂಡರೆ ಈ ಕಾನೂನು ಅವರಿಗೆ ಅನ್ವಯಿಸುವುದಿಲ್ಲ. ನಾವು ಬಾಯ್ತುಂಬ ‘ಆಂಟಿ’ ಎಂದು ಕರೆಯುವ ನೆರೆಮನೆಯಾಕೆ ಮಾತ್ರ ಕಾನೂನಿನ ಕಣ್ಣಿಗೆ ಬಂಧುವಲ್ಲ.

ಈ ನಿಯಮಗಳು ಅಧಿಕಾರಿಗಳ ಮೇಜಿನ ಮೇಲೆ ಸುಮ್ಮನೆ ಹುಟ್ಟಿದವುಗಳಲ್ಲ. 2013ರ ಜುಲೈ ತಿಂಗಳಲ್ಲಿ ಟೊರೊಂಟೊ ಸಮೀಪದ ವಾನ್ ನಗರದಲ್ಲಿ, ಪರವಾನಗಿಯಿಲ್ಲದ ಇಂತಹ ಮನೆಯೊಂದರ ಆರೈಕೆಯಲ್ಲಿದ್ದ ಎರಡು ವರ್ಷದ ಹೆಣ್ಣುಮಗು ಬಿಸಿಲಿನಲ್ಲಿ ನಿಂತಿದ್ದ ಕಾರಿನೊಳಗೆ ಉಳಿದು ಅಸುನೀಗಿತು. ಹೊರಗಿನ ಐದು ಮಕ್ಕಳಿಗಷ್ಟೇ ಅವಕಾಶವಿದ್ದ ಆ ಕಾಲದಲ್ಲಿ ಅಲ್ಲಿದ್ದ ಮಕ್ಕಳ ಸಂಖ್ಯೆ ಇಪ್ಪತ್ತೈದನ್ನು ಮೀರಿತ್ತು. ಆ ಮನೆಯ ಕುರಿತು ದೂರುಗಳು ಮೊದಲೇ ಸರಕಾರಕ್ಕೆ ತಲುಪಿದ್ದವು. ಎಲ್ಲದರ ಮೇಲೂ ಕ್ರಮವಾಗಿರಲಿಲ್ಲ. ಪ್ರಾಂತದ ಓಂಬುಡ್ಸ್‌ಮನ್ ಆಗಿದ್ದ ಆಂಡ್ರೆ ಮರಿನ್ ಅವರು ತನಿಖೆ ನಡೆಸಿ 2014ರ ಅಕ್ಟೋಬರಿನಲ್ಲಿ 113 ಶಿಫಾರಸುಗಳ ಕಟು ವರದಿಯನ್ನು ಮುಂದಿಟ್ಟರು. 1946ರಷ್ಟು ಹಳೆಯದಾದ ಶಿಶುವಿಹಾರ ಕಾನೂನಿನ ಸ್ಥಾನದಲ್ಲಿ ಹೊಸ ಶಿಶುಪಾಲನಾ ಕಾನೂನು ಅದೇ ವರ್ಷ ಅಂಗೀಕಾರವಾಗಿ, 2015ರ ಆಗಸ್ಟ್ 31ರಂದು ಜಾರಿಗೆ ಬಂತು. ಅದನ್ನು ಉಲ್ಲಂಘಿಸಿ ತಪ್ಪಿತಸ್ಥರೆಂದು ಸಾಬೀತಾದವರಿಗೆ 2,50,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಒಂದು ಮಗುವಿನ ಸಾವಿನ ಬಳಿಕವೇ ಕಾನೂನಿಗೆ ಎಚ್ಚರವಾಗುವುದೇಕೆ ಎಂದು ಕೇಳಿದರೆ ಅದಕ್ಕೆ ಉತ್ತರ ಯಾವ ದೇಶದ ಸರಕಾರದ ಬಳಿಯೂ ಇರಲಾರದು.

ಇನ್ನು ಅರ್ಹತೆಯ ವಿಚಾರ. ಏಜೆನ್ಸಿಗೆ ಸೇರುವ ಮಹಿಳೆಗೆ ಪದವಿ ಬೇಕೆಂದು ಕಾನೂನು ಹೇಳುವುದಿಲ್ಲ. ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಬೇಕು. ಉಸಿರುಗಟ್ಟಿದ ಎಳೆಗೂಸಿಗೆ ಕೃತಕ ಉಸಿರಾಟ ನೀಡಿ ಎದೆಯೊತ್ತುವ ತರಬೇತಿಯೂ ಅದರಲ್ಲಿ ಸೇರಿರಬೇಕು. ಆರೋಗ್ಯ ತಪಾಸಣೆ ಮತ್ತು ಚುಚ್ಚುಮದ್ದುಗಳ ದಾಖಲೆ ಬೇಕು. ಇವೆಲ್ಲಕ್ಕಿಂತ ಮುಖ್ಯವಾದುದು ಪೊಲೀಸರ ವಿಶೇಷ ತಪಾಸಣೆ. ಇದರಲ್ಲಿ ಸಾಮಾನ್ಯ ಅಪರಾಧಗಳಷ್ಟೇ ಅಲ್ಲ, ಕ್ಷಮಾದಾನ ಪಡೆದ ಲೈಂಗಿಕ ಅಪರಾಧಗಳೂ ಬೆಳಕಿಗೆ ಬರುತ್ತವೆ. ಐದು ವರ್ಷಕ್ಕೊಮ್ಮೆ ಹೊಸ ತಪಾಸಣೆ, ನಡುವಿನ ವರ್ಷಗಳಲ್ಲಿ ಲಿಖಿತ ಘೋಷಣೆ. ಇಲ್ಲಿ ನಮ್ಮವರು ತುಸು ನಿಂತು ಯೋಚಿಸಬೇಕಾದ ಮಾತೊಂದಿದೆ: ಈ ತಪಾಸಣೆ ಆಕೆಗೆ ಮಾತ್ರವಲ್ಲ, ಆ ಮನೆಯಲ್ಲಿ ವಾಸಿಸುವ ಅಥವಾ ಪದೇ ಪದೇ ಬಂದು ಹೋಗುವ ಪ್ರಾಪ್ತವಯಸ್ಕರೆಲ್ಲರಿಗೂ ನಡೆಯಬೇಕು. ಗಂಡ, ಮೈದುನ, ಕೆಳಮನೆಯಲ್ಲಿ ಬಾಡಿಗೆಗಿರುವ ವಿದ್ಯಾರ್ಥಿ—ಯಾರೂ ಹೊರತಲ್ಲ. “ಆಕೆ ಬಹಳ ಒಳ್ಳೆಯ ಹೆಂಗಸು” ಎನ್ನುವಾಗ ನಾವು ಆಕೆಯೊಬ್ಬಳನ್ನೇ ಕುರಿತು ಹೇಳುತ್ತೇವೆ. ಮಗು ಹಗಲನ್ನು ಕಳೆಯುವುದು ಆಕೆಯೊಬ್ಬಳೊಡನೆ ಅಲ್ಲ, ಒಂದು ಮನೆಯೊಡನೆ.

ಸದ್ಗುಣವು ಅಭ್ಯಾಸದಿಂದ ಬೆಳೆಯುತ್ತದೆ ಎಂದು ಅರಿಸ್ಟಾಟಲನು ಬೋಧಿಸಿದನು. ಪ್ರೀತಿಯನ್ನು ಯಾವ ಪ್ರಮಾಣಪತ್ರವೂ ಅಳೆಯಲಾರದು ನಿಜ. ಅಭ್ಯಾಸವನ್ನು ಮಾತ್ರ ಯಾರಾದರೂ ಬಂದು ನೋಡಬಹುದು. ಒಂಟಾರಿಯೋದ ವ್ಯವಸ್ಥೆ ಮಾಡಿರುವುದು ಇದನ್ನೇ. ಮೊದಲ ಮಗು ಕಾಲಿಡುವ ಮುನ್ನ ಏಜೆನ್ಸಿಯ ಸಂದರ್ಶಕರು ಮನೆಯನ್ನು ಪರೀಕ್ಷಿಸುತ್ತಾರೆ. ಆ ಬಳಿಕ ಮೂರು ತಿಂಗಳಿಗೊಮ್ಮೆಯಾದರೂ, ಮುನ್ಸೂಚನೆಯಿಲ್ಲದೆ, ಬಾಗಿಲು ತಟ್ಟುತ್ತಾರೆ. ಈ ಸಂದರ್ಶಕರು ಸಾಮಾನ್ಯವಾಗಿ ಶಿಶುಶಿಕ್ಷಣದಲ್ಲಿ ತರಬೇತಾಗಿ ನೋಂದಾಯಿತರಾದವರು. ಎರಡು ವರ್ಷದ ಅನುಭವವೂ ಅವರಿಗಿರಬೇಕು. ಪರವಾನಗಿಯ ಆಸರೆಯಿಲ್ಲದ ಮನೆಗೆ ಹೀಗೆ ನಿಯಮಿತವಾಗಿ ಬರುವವರಿಲ್ಲ. ದೂರು ಹೋದರಷ್ಟೇ ಸರಕಾರದ ತನಿಖಾಧಿಕಾರಿ ಬರುತ್ತಾರೆ. ಮಾತು ಬಾರದ ಕೂಸು ದೂರು ಕೊಡುವುದುಂಟೇ?

ಅವರು ನೋಡುವುದಾದರೂ ಏನನ್ನು? ಔಷಧ, ವಿಷವಸ್ತುಗಳು ಮಗುವಿನ ಕೈಗೆ ಎಟುಕದಂತಿವೆಯೇ. ವರ್ಷ ತುಂಬದ ಕೂಸನ್ನು ಅಂಗಾತ ಮಲಗಿಸಲಾಗುತ್ತಿದೆಯೇ. ಮಲಗಿದ ಮಗುವನ್ನು ಯಂತ್ರದ ಪರದೆಯ ಮೇಲೆ ನೋಡಿ ಸುಮ್ಮನಾಗದೆ ಹತ್ತಿರ ಹೋಗಿ ಕಣ್ಣಾರೆ ಕಾಣಲಾಗುತ್ತಿದೆಯೇ. ಆರು ಗಂಟೆ ಅಥವಾ ಹೆಚ್ಚು ಹೊತ್ತು ಅಲ್ಲಿರುವ ಮಗುವನ್ನು, ಹವೆ ಅನುಕೂಲವಿದ್ದರೆ, ದಿನಕ್ಕೆ ಎರಡು ಗಂಟೆ ಬಯಲಲ್ಲಿ ಆಡಿಸಬೇಕು. ಕೆನಡಾದ ಚಳಿಯನ್ನು ಕಂಡು ಬಂದ ಅಜ್ಜಿಯರಿಗೆ ಇದೊಂದು ಅಚ್ಚರಿ.

ಇನ್ನೊಂದು ಅಚ್ಚರಿ ಹೆಚ್ಚು ದೊಡ್ಡದು. ಮಗುವಿಗೆ ಹೊಡೆಯಬಾರದು, ಅವಮಾನಿಸಬಾರದು, ಶಿಕ್ಷೆಯೆಂದು ಕುರ್ಚಿಗೆ ಬಿಗಿಯಬಾರದು, ಊಟ, ನಿದ್ದೆ, ಶೌಚಕ್ಕೆ ತಡೆಯೊಡ್ಡಬಾರದು ಎಂಬ ನಿಷೇಧಗಳ ಸಾಲಿನಲ್ಲಿ, ಮಗುವಿನ ಇಚ್ಛೆಗೆ ವಿರುದ್ಧವಾಗಿ ತಿನ್ನಿಸುವುದು, ಕುಡಿಸುವುದೂ ಸೇರಿದೆ. ಗಂಜಿಯ ಬಟ್ಟಲು ಹಿಡಿದು, ಕಾಗೆ ಬೆಕ್ಕುಗಳನ್ನು ತೋರಿಸುತ್ತ, ಕೊನೆಗೆ ಮೂಗನ್ನು ಮೆಲ್ಲನೆ ಒತ್ತಿ ತುತ್ತನ್ನು ಒಳಗೆ ಸೇರಿಸಿದ ಪ್ರೀತಿ ನಮ್ಮೆಲ್ಲರ ಮನೆಗಳಲ್ಲೂ ಇತ್ತು. ಅಲ್ಲಿ ಅದು ಮಗುವಿನ ದೇಹಕ್ಕೆ ಹಾನಿ ಮಾಡುವ ಕೃತ್ಯಗಳೊಂದಿಗೆ ಎಣಿಕೆಯಾಗುತ್ತದೆ. ಇದು ಅತಿಯಾಯಿತೆಂದು ಹಿರಿಯರು ನಗಬಹುದು. ನಾವು ಮಾತ್ರ ಇದನ್ನು ಒಪ್ಪುತ್ತೇವೆ: ಬೇಡವೆಂದು ತುಟಿ ಬಿಗಿಯುವುದು ಆ ವಯಸ್ಸಿನಲ್ಲಿ ಮನುಷ್ಯನಿಗಿರುವ ಏಕಮಾತ್ರ ವಾಕ್ಕು. ತಾಯಿ ತನ್ನ ಮಗುವಿನೊಡನೆ ವರ್ತಿಸುವ ಸಲುಗೆ, ಸಂಬಳಕ್ಕೆ ಆರು ಮಕ್ಕಳನ್ನು ನೋಡಿಕೊಳ್ಳುವವರಿಗೆ ಸಲ್ಲತಕ್ಕದ್ದಲ್ಲ.

ಮಗುವಿನ ಮೇಲೆ ದೌರ್ಜನ್ಯ ನಡೆದಿದೆಯೆಂಬ ಸಂಶಯ ಬಂದರೆ ಮಕ್ಕಳ ರಕ್ಷಣಾ ಸಂಸ್ಥೆಗೆ ಒಡನೆ ತಿಳಿಸುವುದು ಆ ಪ್ರಾಂತದಲ್ಲಿ ಪ್ರತಿಯೊಬ್ಬರ ಕರ್ತವ್ಯ. ಶಿಶುಪಾಲಕಿಗೂ ಅದು ತಪ್ಪಿದ್ದಲ್ಲ, ಧರ್ಮಗುರುಗಳಿಗೂ ತಪ್ಪಿದ್ದಲ್ಲ.

ಪರವಾನಗಿಯಿಲ್ಲದ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರೆಲ್ಲ ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಅದು ಅನ್ಯಾಯದ ಮಾತಾದೀತು. ಆದರೆ ತಮಗೆ ಪರವಾನಗಿಯಿಲ್ಲವೆಂಬುದನ್ನು ಅವರು ಹೆತ್ತವರಿಗೆ ಮುಂಚಿತವಾಗಿ ಬರೆದು ತಿಳಿಸಬೇಕೆಂದು ಕಾನೂನಿದೆ. ಒಂದೇ ಊರು, ಒಂದೇ ಭಾಷೆ, ಭಾನುವಾರ ಒಂದೇ ಬಲಿಪೂಜೆ ಎಂಬ ಕಾರಣಕ್ಕೆ ಆ ಕಾಗದವನ್ನು ಕೇಳಲು ಸಂಕೋಚಪಡುವುದೇ ನಮ್ಮವರ ತೊಂದರೆ. ಕೇಳಿದರೆ ಆಕೆ ಏನೆಂದುಕೊಳ್ಳುವಳೋ ಎಂಬ ಅಳುಕು. ಪರಿಚಯವೇ ಪರೀಕ್ಷೆಯ ಸ್ಥಾನವನ್ನು ಆಕ್ರಮಿಸಿಕೊಂಡರೆ ಪರಿಚಯಕ್ಕೂ ಅದು ಮರ್ಯಾದೆಯಲ್ಲ. ಮುಚ್ಚಿಡುವಂಥದೇನೂ ಇಲ್ಲದ ಮಹಿಳೆ ಇಂತಹ ಪ್ರಶ್ನೆಗೆ ಬೇಸರಿಸುವುದಿಲ್ಲ. ಮಗು ಅಲ್ಲಿರುವಾಗ ಹೆತ್ತವರು ಯಾವ ಹೊತ್ತಿನಲ್ಲಿ ಬಂದರೂ ಒಳಗೆ ಬಿಡದಿರುವಂತಿಲ್ಲ. ಪರವಾನಗಿ ಇರಲಿ, ಇಲ್ಲದಿರಲಿ, ಈ ಹಕ್ಕು ಅವರದು. ಮಧ್ಯಾಹ್ನದ ಬಿಡುವಿನಲ್ಲಿ ಒಮ್ಮೆ ಹೇಳದೆ ಹೋಗಿ ಬರುವುದರಲ್ಲಿ ತಪ್ಪೇನಿಲ್ಲ.

ಹಣದ ಲೆಕ್ಕವನ್ನೂ ಹೇಳಬೇಕು. ಏಳು ವರ್ಷದೊಳಗಿನ ಮಗುವಿನ ಪಾಲನೆಯ ಖರ್ಚಿನಲ್ಲಿ ವರ್ಷಕ್ಕೆ 8,000 ಡಾಲರ್‌ವರೆಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಲು ಅಲ್ಲಿ ಅವಕಾಶವಿದೆ. ರಸೀದಿಯಿಲ್ಲದೆ ಕೈಗೆ ನಗದು ಕೊಟ್ಟವರಿಗೆ ಅದು ತಪ್ಪುತ್ತದೆ. ಇದಲ್ಲದೆ 2022ರ ಮಾರ್ಚ್‌ನಲ್ಲಿ ಒಂಟಾರಿಯೋ ಪ್ರಾಂತವು ಕೇಂದ್ರ ಸರಕಾರದೊಡನೆ ಮಾಡಿಕೊಂಡ ಒಪ್ಪಂದದಂತೆ ಶುಲ್ಕ ಇಳಿಯುತ್ತ ಬಂದು, 2025ರ ಜನವರಿಯಿಂದ ಆರು ವರ್ಷದೊಳಗಿನವರಿಗೆ ದಿನಕ್ಕೆ 22 ಡಾಲರ್‌ಗಳ ಮಿತಿ ಬಂತು. ಈ ಅನುಕೂಲ ಪರವಾನಗಿ ಇರುವ, ಯೋಜನೆಗೆ ಸೇರಿದ ಕೇಂದ್ರ ಮತ್ತು ಏಜೆನ್ಸಿಗಳ ಮಕ್ಕಳಿಗಷ್ಟೇ ದೊರೆಯುತ್ತದೆ.

ಅಲ್ಲಿಗೆ ಹೋಗಿ ನೆಲೆಸಿದ ನಮ್ಮ ಹೆಣ್ಣುಮಕ್ಕಳಲ್ಲಿ ಊರಿನಲ್ಲಿ ಬಾಲವಾಡಿ ನಡೆಸಿದವರಿದ್ದಾರೆ, ದಾದಿಯರಾಗಿದ್ದವರಿದ್ದಾರೆ. ಕೆಲಸ ಸಿಗದೆ ಮನೆಯಲ್ಲಿದ್ದು ನೆರೆಯವರ ಒಂದೆರಡು ಮಕ್ಕಳನ್ನು ನೋಡಿಕೊಳ್ಳುತ್ತಿರುವವರಿಗೆ ಏಜೆನ್ಸಿಯ ಬಾಗಿಲು ಮುಚ್ಚಿಲ್ಲ. ಪ್ರಥಮ ಚಿಕಿತ್ಸೆಯ ತರಬೇತಿ, ಪೊಲೀಸ್ ತಪಾಸಣೆ, ಮನೆಯ ಪರಿಶೀಲನೆ—ಇಷ್ಟು ಮುಗಿದರೆ ಇಂದು ಪರಿಚಯದ ಮೇಲೆ ಮಾಡುತ್ತಿರುವ ಕೆಲಸವನ್ನೇ ನಾಳೆ ದಾಖಲೆಯೊಡನೆ ಮಾಡಬಹುದು. ಊರಿನಿಂದ ಕರೆ ಮಾಡುವ ತಾಯಂದಿರು ಮಗಳಿಗೆ ಈ ಮಾತನ್ನೂ ಒಮ್ಮೆ ತಿಳಿಸಲಿ. ಮೊಮ್ಮಗು ಇರುವ ಮನೆಯ ಏಜೆನ್ಸಿಯ ಹೆಸರನ್ನೂ ಕೇಳಲಿ.